ದಮ್ಮು ಯಾಕೆ ಹತ್ತತದ? – ಸುಮ್ಮನೆ ಕೂತಾಗ ಮತ್ತು ದುಡಿಯುವಾಗ ನಮ್ಮ ಉಸಿರು



ನಮ್ಮ ಹಳ್ಳಿಖೇಡ (ಬಿ), ಹುಮನಾಬಾದ, ಬಸವಕಲ್ಯಾಣ ಕಡೆ ಹೆಣ್ಣುಮಕ್ಕಳ ಕೆಲಸ ಬೆಳಗಿನ ಐದು ಗಂಟೆಗೆ ಶುರುವಾದರೆ ರಾತ್ರಿ ಹತ್ತಕ್ಕೆ ಮುಗಿಯುತ್ತದೆ. ನೀರು ತರೋದು, ರೊಟ್ಟಿ ಬಡಿಯೋದು, ತೊಗರಿ ಕೊಯ್ಯೋದು, ಸೋಯಾ ರಾಶಿ ಮಾಡೋದು, ಕಬ್ಬಿನ ಹೊರೆ ಹೊರೋದು. ಇಷ್ಟೆಲ್ಲಾ ಮಾಡುವಾಗ ದಮ್ಮು ಹತ್ತುವುದು ಸಹಜ. ಆದರೆ ಸಭೆಗೆ ಬಂದ ಎಷ್ಟೋ ಅಕ್ಕಂದಿರು ನಾಲ್ಕು ಮೆಟ್ಟಿಲು ಹತ್ತಿದರೂ ತೇಕುತ್ತಾ ಕೂಡುತ್ತಾರೆ. ಕೇಳಿದರೆ "ಏನಿಲ್ಲವ್ವಾ, ವಯಸ್ಸಾತು, ಸುಮ್ಮನೆ ದಮ್ಮು ಹತ್ತತದ" ಎಂದುಬಿಡುತ್ತಾರೆ.

ಸುಮ್ಮನೆ ಯಾವ ದಮ್ಮೂ ಹತ್ತುವುದಿಲ್ಲ. ಕೆಲವೊಮ್ಮೆ ಅದು ದೇಹ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಕೆಲವೊಮ್ಮೆ ರಕ್ತ ಕಡಿಮೆಯಾಗಿದೆ, ಶ್ವಾಸಕೋಶ ಕೆಟ್ಟಿದೆ, ಹೃದಯ ಸೋತಿದೆ ಎಂಬುದರ ಎಚ್ಚರಿಕೆ. ಇದು ಯಾವ ದಮ್ಮು, ಅದು ಯಾವ ದಮ್ಮು ಎಂದು ಗುರುತಿಸಲು ಮೊದಲು ಉಸಿರಾಟ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು. ಈ ಸಲ ಅದನ್ನೇ ತಿಳ್ಕೊಳ್ಳೋಣ.

ಉಸಿರಾಟ ಅಂದರೇನು?

ಒಲೆ ಉರಿಯಲು ಕಟ್ಟಿಗೆ ಬೇಕು, ಗಾಳಿಯೂ ಬೇಕು. ಗಾಳಿ ಇಲ್ಲದಿದ್ದರೆ ಎಷ್ಟು ಒಣ ಕಟ್ಟಿಗೆ ಇಟ್ಟರೂ ಬೆಂಕಿ ಆರಿ ಹೋಗುತ್ತದೆ. ನಮ್ಮ ದೇಹದ ಒಳಗೂ ಹೀಗೆಯೇ. ನಾವು ತಿಂದ ರೊಟ್ಟಿ, ಬೇಳೆ, ಪಲ್ಯ ಕಟ್ಟಿಗೆ ಇದ್ದ ಹಾಗೆ. ಅದರಿಂದ ಶಕ್ತಿ ಬರಬೇಕಾದರೆ ಗಾಳಿಯಲ್ಲಿರುವ ಆಮ್ಲಜನಕ ಬೇಕು. ಒಲೆಯಿಂದ ಹೊಗೆ ಬರುವಂತೆ ನಮ್ಮ ದೇಹದಿಂದ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಹೊರಗೆ ಬರುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ.

ಅಂದರೆ ಉಸಿರಾಟದ ಕೆಲಸ ಎರಡು. ಒಂದು, ಆಮ್ಲಜನಕ ಒಳಗೆ ತರುವುದು. ಎರಡು, ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕುವುದು. ನಾವು ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ 21 ಭಾಗ ಆಮ್ಲಜನಕ ಇರುತ್ತದೆ. ಹೊರಗೆ ಬಿಡುವ ಗಾಳಿಯಲ್ಲಿ ಅದು ಸುಮಾರು 16 ಭಾಗಕ್ಕೆ ಇಳಿದಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಸುಮಾರು 4 ಭಾಗಕ್ಕೆ ಏರಿರುತ್ತದೆ. ಬಿಟ್ಟ ಉಸಿರಿನಲ್ಲೂ ಆಮ್ಲಜನಕ ಉಳಿದಿರುವುದರಿಂದಲೇ, ಉಸಿರು ನಿಂತವರ ಬಾಯಿಗೆ ಬಾಯಿ ಇಟ್ಟು ಊದಿ ಜೀವ ಉಳಿಸಲು ಸಾಧ್ಯವಾಗುತ್ತದೆ.

ಗಾಳಿ ಹೋಗುವ ದಾರಿ

ಗಾಳಿ ಮೊದಲು ಮೂಗಿಗೆ ಬರುತ್ತದೆ. ಮೂಗಿನ ಕೂದಲು, ಅಂಟು ಧೂಳನ್ನು ಹಿಡಿಯುತ್ತವೆ. ಅಲ್ಲಿಯೇ ಗಾಳಿ ಬೆಚ್ಚಗಾಗುತ್ತದೆ, ತೇವವಾಗುತ್ತದೆ. ಜರಡಿ ಹಿಡಿದ ಹಿಟ್ಟಿನ ಹಾಗೆ ಶುದ್ಧವಾದ ಗಾಳಿ ಗಂಟಲು ದಾಟಿ ಶ್ವಾಸನಾಳಕ್ಕೆ ಇಳಿಯುತ್ತದೆ. ಶ್ವಾಸನಾಳ ಎರಡಾಗಿ ಒಡೆದು ಬಲ ಮತ್ತು ಎಡ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಬೇವಿನ ಮರವನ್ನು ತಲೆಕೆಳಗು ಮಾಡಿ ನಿಲ್ಲಿಸಿದಂತೆ ಟೊಂಗೆ, ಸಣ್ಣ ಟೊಂಗೆ, ಕಡ್ಡಿ ಎಂದು ಕವಲು ಒಡೆಯುತ್ತಾ ಹೋಗುತ್ತದೆ. ಕೊನೆಯ ಕಡ್ಡಿಗಳ ತುದಿಗೆ ದ್ರಾಕ್ಷಿ ಗೊಂಚಲಿನಂಥ ಸಣ್ಣ ಸಣ್ಣ ಗಾಳಿಚೀಲಗಳು ಇರುತ್ತವೆ.

ಈ ಗಾಳಿಚೀಲಗಳ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಎರಡೂ ಶ್ವಾಸಕೋಶ ಸೇರಿ ಸುಮಾರು 30 ರಿಂದ 50 ಕೋಟಿ ಇವೆ. ಎಲ್ಲವನ್ನೂ ಬಿಚ್ಚಿ ಹಾಸಿದರೆ 50 ರಿಂದ 75 ಚದರ ಮೀಟರ್, ಅಂದರೆ ಒಂದು ಸಣ್ಣ ಮನೆ ಕಟ್ಟುವಷ್ಟು ಜಾಗ ಆಗುತ್ತದೆ. ಪ್ರತಿ ಚೀಲದ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳು ಬಲೆಯಂತೆ ಸುತ್ತಿಕೊಂಡಿವೆ. ಇಲ್ಲಿಯೇ ಕೊಡು-ಕೊಳ್ಳುವ ವ್ಯವಹಾರ ನಡೆಯುತ್ತದೆ. ಆಮ್ಲಜನಕ ರಕ್ತಕ್ಕೆ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ರಕ್ತದಿಂದ ಚೀಲಕ್ಕೆ ಬರುತ್ತದೆ.

ರಕ್ತಕ್ಕೆ ಇಳಿದ ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಇದೇ. ಹಿಮೋಗ್ಲೋಬಿನ್ ಅಂದರೆ ಬಂಡಿ, ಆಮ್ಲಜನಕ ಅಂದರೆ ಬಂಡಿಯ ಮೇಲಿನ ಮಾಲು, ಬಂಡಿ ಎಳೆಯುವ ಎತ್ತು ಅಂದರೆ ಹೃದಯ ಎಂದು ತಿಳಿಯಿರಿ. ಈ ಬಂಡಿಯ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸುಮ್ಮನೆ ಕೂತಾಗ

ಶ್ವಾಸಕೋಶಕ್ಕೆ ತಾನಾಗಿ ಉಬ್ಬುವ ಶಕ್ತಿ ಇಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ಕೊಡೆಯಂತೆ ಬಾಗಿದ ಒಂದು ಸ್ನಾಯು ಇದೆ. ಇದಕ್ಕೆ ವಪೆ ಎನ್ನುತ್ತಾರೆ. ಉಸಿರು ಎಳೆಯುವಾಗ ಈ ಕೊಡೆ ಕೆಳಗೆ ಇಳಿದು ಚಪ್ಪಟೆಯಾಗುತ್ತದೆ. ಅದೇ ಹೊತ್ತಿಗೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಪಕ್ಕೆಲುಬನ್ನು ಮೇಲಕ್ಕೆ, ಹೊರಕ್ಕೆ ಎತ್ತುತ್ತವೆ. ಎದೆಯ ಗೂಡು ದೊಡ್ಡದಾಗುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಕಮ್ಮಾರನ ತಿದಿ ಅಗಲಿಸಿದಾಗ ಗಾಳಿ ತುಂಬುವುದು ಹೀಗೆಯೇ.

ಉಸಿರು ಬಿಡುವಾಗ, ಅದೂ ಆರಾಮಾಗಿ ಕೂತಾಗ, ಯಾವ ಶ್ರಮವೂ ಇಲ್ಲ. ಎಳೆದ ರಬ್ಬರ್ ಬಿಟ್ಟರೆ ತಾನೇ ಚಿಕ್ಕದಾಗುವಂತೆ ಶ್ವಾಸಕೋಶ ತಾನೇ ಕುಗ್ಗಿ ಗಾಳಿ ಹೊರಗೆ ಹೋಗುತ್ತದೆ.

ಈಗ ಲೆಕ್ಕ ನೋಡೋಣ. ಆರೋಗ್ಯವಂತ ದೊಡ್ಡವರು ಸುಮ್ಮನೆ ಇದ್ದಾಗ ನಿಮಿಷಕ್ಕೆ 12 ರಿಂದ 20 ಸಲ ಉಸಿರಾಡುತ್ತಾರೆ. ನಿಮಿಷಕ್ಕೆ 15 ಎಂದು ಹಿಡಿದರೆ ದಿನಕ್ಕೆ 21,600 ಉಸಿರು. ಹಿಂದಿನ ಯೋಗಿಗಳೂ ಇದೇ ಲೆಕ್ಕ ಹೇಳುತ್ತಿದ್ದರು. ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಹೋಗುತ್ತದೆ. ನಿಮಿಷಕ್ಕೆ ಆರೇಳು ಲೀಟರ್. ನಾವು ನೀರು ತರುವ ಕೊಡ 15 ಲೀಟರಿನದು ಎಂದರೆ, ನಿಮಿಷಕ್ಕೆ ಅರ್ಧ ಕೊಡದಷ್ಟು ಗಾಳಿ ಸಾಕು.

ಮೇಲುಸಿರು ಯಾಕೆ ಸಾಲದು?

ಇಲ್ಲಿ ಒಂದು ಮಾತು ಗಮನಿಸಿ. ಎಳೆದ ಅರ್ಧ ಲೀಟರ್ ಗಾಳಿಯೆಲ್ಲ ಗಾಳಿಚೀಲಕ್ಕೆ ಮುಟ್ಟುವುದಿಲ್ಲ. ಸುಮಾರು 150 ಮಿಲಿ ಲೀಟರ್ ಮೂಗು, ಗಂಟಲು, ನಾಳದಲ್ಲೇ ಉಳಿದು ಹಾಗೇ ವಾಪಸ್ ಬರುತ್ತದೆ. ಊರಿಂದ ಪೇಟೆಗೆ ಹೋಗುವ ಟೆಂಪೋ ಖರ್ಚು ಇದ್ದ ಹಾಗೆ. ಒಂದೇ ಸಲ ಹೋಗಿ ಸಾಮಾನು ತಂದರೆ ಖರ್ಚು ಒಂದೇ ಸಲ. ಸ್ವಲ್ಪ ಸ್ವಲ್ಪ ತರಲು ನಾಲ್ಕು ಸಲ ಹೋದರೆ ಖರ್ಚೂ ನಾಲ್ಕು ಸಲ.

ಉದಾಹರಣೆಗೆ:

- ನಿಮಿಷಕ್ಕೆ 12 ಸಲ, ಪ್ರತಿ ಸಲ 500 ಮಿಲಿ: ಒಟ್ಟು 6 ಲೀಟರ್. ಅದರಲ್ಲಿ ಉಪಯೋಗಕ್ಕೆ ಬಂದದ್ದು 4 ಲೀಟರ್ 200 ಮಿಲಿ.
- ನಿಮಿಷಕ್ಕೆ 24 ಸಲ, ಪ್ರತಿ ಸಲ 250 ಮಿಲಿ: ಒಟ್ಟು ಅದೇ 6 ಲೀಟರ್. ಆದರೆ ಉಪಯೋಗಕ್ಕೆ ಬಂದದ್ದು ಬರೇ 2 ಲೀಟರ್ 400 ಮಿಲಿ.

ಅದಕ್ಕೇ ಗಾಬರಿಯಿಂದ ಮೇಲೆ ಮೇಲೆ ಉಸಿರಾಡಿದರೆ ಸಮಾಧಾನ ಆಗುವುದಿಲ್ಲ. ನಿಧಾನವಾಗಿ, ಹೊಟ್ಟೆ ಉಬ್ಬುವಂತೆ ಆಳವಾಗಿ ಉಸಿರಾಡಬೇಕು. ಲಂಗದ ಲಾಡಿಯನ್ನು ಬಹಳ ಬಿಗಿಯಾಗಿ ಕಟ್ಟಿದರೆ ಹೊಟ್ಟೆ ಉಬ್ಬಲು ಜಾಗ ಇರುವುದಿಲ್ಲ, ವಪೆ ಪೂರ್ತಿ ಕೆಳಗೆ ಇಳಿಯುವುದಿಲ್ಲ. ಭಾರದ ಕೆಲಸಕ್ಕೆ ಹೋಗುವಾಗ ಲಾಡಿಯನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಿ.

ದುಡಿಯುವಾಗ ಏನಾಗ್ತದ?

ತುಂಬಿದ ಕೊಡ ಹೊತ್ತು ದಿಬ್ಬ ಹತ್ತುವಾಗ, ಬಸವಕಲ್ಯಾಣದ ಕೋಟೆ ಮೆಟ್ಟಿಲು ಹತ್ತುವಾಗ, ಕಬ್ಬಿನ ಹೊರೆ ಎತ್ತುವಾಗ ಕಾಲು, ಸೊಂಟ, ತೋಳಿನ ಸ್ನಾಯುಗಳಿಗೆ ಆಮ್ಲಜನಕ ಬಹಳ ಬೇಕು. ಸುಮ್ಮನೆ ಕೂತಾಗ ಇಡೀ ದೇಹ ನಿಮಿಷಕ್ಕೆ ಕಾಲು ಲೀಟರ್ ಆಮ್ಲಜನಕ ಬಳಸಿದರೆ, ಜೋರು ಕೆಲಸದಲ್ಲಿ ಅದರ ಏಳೆಂಟು ಪಟ್ಟು ಬೇಕಾಗಬಹುದು. ಆಗ ದೇಹ ನಾಲ್ಕು ಕೆಲಸ ಮಾಡುತ್ತದೆ.

1. ಮೊದಲು ಉಸಿರು ಆಳವಾಗುತ್ತದೆ. ಅರ್ಧ ಲೀಟರ್ ಇದ್ದದ್ದು ಒಂದು, ಒಂದೂವರೆ ಲೀಟರ್ ಆಗುತ್ತದೆ.
2. ಆಮೇಲೆ ಉಸಿರಿನ ವೇಗ ಹೆಚ್ಚುತ್ತದೆ. ನಿಮಿಷಕ್ಕೆ 30 ಸಲ, ಒಂದೂವರೆ ಲೀಟರಿನಂತೆ ಎಂದರೆ 45 ಲೀಟರ್. ಅರ್ಧ ಕೊಡದ ಜಾಗದಲ್ಲಿ ಈಗ ಮೂರು ಕೊಡ ಗಾಳಿ! ಇಷ್ಟು ಗಾಳಿಗೆ ಮೂಗಿನ ದಾರಿ ಸಾಲದೆ ಬಾಯಿ ತಾನೇ ತೆರೆಯುತ್ತದೆ.
3. ಉಸಿರು ಬಿಡುವುದಕ್ಕೂ ಈಗ ಹೊಟ್ಟೆಯ ಸ್ನಾಯುಗಳು ದುಡಿಯುತ್ತವೆ. ಅದಕ್ಕೇ ದಿನವಿಡೀ ದುಡಿದ ಮೇಲೆ ಹೊಟ್ಟೆ, ಪಕ್ಕೆಯೂ ನೋಯಬಹುದು.
4. ಹೃದಯ ಜೋರಾಗಿ ಬಡಿಯುತ್ತದೆ. ಸುಮ್ಮನೆ ಇದ್ದಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುವ ಹೃದಯ ಈಗ ಅದರ ಮೂರು ಪಟ್ಟು ದೂಡುತ್ತದೆ. ಹೊಟ್ಟೆ, ಕರುಳಿಗೆ ಹೋಗುವ ರಕ್ತ ಕಡಿಮೆ ಮಾಡಿ ಸ್ನಾಯುಗಳಿಗೆ ಕಳಿಸುತ್ತದೆ. ಹೊಟ್ಟೆ ತುಂಬ ಉಂಡು ಕೂಡಲೇ ಭಾರ ಹೊರಬಾರದು ಎಂದು ಹಿರಿಯರು ಹೇಳುವುದು ಇದಕ್ಕೇ.

ಉಸಿರಿಗೆ ಹುಕುಂ ಯಾರು ಕೊಡ್ತಾರ?

ನಿದ್ದೆಯಲ್ಲೂ ಉಸಿರು ನಿಲ್ಲುವುದಿಲ್ಲ. ಮೆದುಳಿನ ಕೆಳಭಾಗದಲ್ಲಿ, ಕುತ್ತಿಗೆಗೆ ಸೇರುವ ಕಡೆ, ಉಸಿರಾಟದ ಕೇಂದ್ರ ಇದೆ. ಕೆಲಸ ಶುರುವಾದ ಕೂಡಲೇ ಸ್ನಾಯು, ಕೀಲುಗಳಿಂದ ಅದಕ್ಕೆ ಸುದ್ದಿ ಹೋಗುತ್ತದೆ. ಅದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದೂ ಸದಾ ನೋಡುತ್ತಿರುತ್ತದೆ. ಅದು ಸ್ವಲ್ಪ ಏರಿದರೂ "ಬೇಗ ಉಸಿರಾಡು" ಎಂಬ ಹುಕುಂ ಬರುತ್ತದೆ.

ಬಹಳ ಮಂದಿ ತಿಳಿದಿರುವುದು ಏನೆಂದರೆ ಆಮ್ಲಜನಕ ಕಡಿಮೆಯಾಗಿ ದಮ್ಮು ಹತ್ತುತ್ತದೆ ಎಂದು. ಆರೋಗ್ಯವಂತರಲ್ಲಿ ಹಾಗಲ್ಲ. ಎಷ್ಟೇ ತೇಕಿದರೂ ಅವರ ರಕ್ತದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದಮ್ಮು ಹತ್ತಿಸುವುದು ಮುಖ್ಯವಾಗಿ ಹೆಚ್ಚಾದ ಇಂಗಾಲದ ಡೈಆಕ್ಸೈಡ್, ಮತ್ತು ದಣಿದ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಆಮ್ಲ.

ಕೊರೊನಾ ಕಾಲದ್ದು ನೆನಪು ಮಾಡಿಕೊಳ್ಳಿ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ನಮ್ಮ ಪಕ್ಕದ ಕಲಬುರಗಿಯಲ್ಲೇ. ಆ ರೋಗದಲ್ಲಿ ಕೆಲವರು ಆರಾಮಾಗಿ ಮಾತಾಡುತ್ತಿದ್ದರು, ಆದರೆ ಬೆರಳಿಗೆ ಯಂತ್ರ ಹಾಕಿ ನೋಡಿದರೆ ಆಮ್ಲಜನಕ ಬಹಳ ಇಳಿದಿರುತ್ತಿತ್ತು. ಇದಕ್ಕೆ ಒಂದು ಕಾರಣ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇತ್ತು, ಹೀಗಾಗಿ ಮೆದುಳಿಗೆ ಜೋರು ಎಚ್ಚರಿಕೆ ಹೋಗುತ್ತಿರಲಿಲ್ಲ. ದಮ್ಮು ಹತ್ತಿಲ್ಲ ಎಂದ ಮಾತ್ರಕ್ಕೆ ಎಲ್ಲಾ ಸರಿ ಇದೆ ಎನ್ನಲು ಬರುವುದಿಲ್ಲ ಎಂಬುದನ್ನು ಆ ರೋಗ ಕಲಿಸಿತು.

ಹಗೇವು ಮತ್ತು ಹಳೆ ಬಾವಿ

ಇದೇ ಕಾರಣಕ್ಕೆ ನಮ್ಮ ಹಿರಿಯರು ಜೋಳ ಇಟ್ಟ ಹಗೇವು ತೆರೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಕಾಳಿಗೂ ಜೀವ ಇದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಕಾಳು ಆಮ್ಲಜನಕ ತೀರಿಸಿ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತದೆ. ಹುಳ ಸಾಯುವುದು, ಕಾಳು ಕೆಡದೆ ಉಳಿಯುವುದು ಅದರಿಂದಲೇ. ಆದರೆ ಮನುಷ್ಯ ಇಳಿದರೆ ಉಸಿರು ಕಟ್ಟಿ ಬೀಳುತ್ತಾನೆ. ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ.

ಈಗ ಹಗೇವು ಕಡಿಮೆಯಾಗಿವೆ. ಆದರೆ ಬಹಳ ದಿನ ಮುಚ್ಚಿದ್ದ ಹಳೆ ಬಾವಿ, ಗೋಬರ್ ಗ್ಯಾಸ್ ಗುಂಡಿ, ಪಾಯಿಖಾನೆ ಗುಂಡಿಗಳಲ್ಲಿ ಇದೇ ಅಪಾಯ ಇದೆ. ಗುಂಡಿಯ ಅನಿಲ ಬೆಂಕಿ ಹಿಡಿಯಬಹುದು, ಆದ್ದರಿಂದ ಗೋಬರ್ ಗ್ಯಾಸ್ ಮತ್ತು ಪಾಯಿಖಾನೆ ಗುಂಡಿಗೆ ದೀಪ ಒಯ್ಯಲೇಬಾರದು. ಬಾವಿಯಲ್ಲಿ ದೀಪ ಉರಿದರೂ ವಿಷಾನಿಲ ಇರಬಹುದು. ಒಬ್ಬರು ಒಳಗೆ ಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು ಹಾಗೇ ಇಳಿಯಬೇಡಿ. ಹೀಗೆ ಒಬ್ಬರ ಹಿಂದೆ ಒಬ್ಬರು ಹೋಗಿ ಒಂದೇ ಮನೆಯ ಮೂರು ನಾಲ್ಕು ಜನ ಸತ್ತ ಉದಾಹರಣೆಗಳಿವೆ. 112ಕ್ಕೆ ಫೋನ್ ಮಾಡಿ. ಮನೆಯ ಗಂಡಸರಿಗೂ ಈ ಮಾತು ತಿಳಿಸಿ.

ಉಸಿರಿನ ಸಾಲ

ಕೆಲಸ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಯಾಕೆ ತೇಕುತ್ತೇವೆ? ಸಂಘದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮನೆಯಲ್ಲಿ ಒಮ್ಮೆಲೇ ದೊಡ್ಡ ಖರ್ಚು ಬಂದರೆ ಉಳಿತಾಯ ಸಾಲದೆ ಸಾಲ ತೆಗೆಯುತ್ತೇವಲ್ಲ, ಹಾಗೆಯೇ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಕೂಡಲೇ ಸಿಗದಿದ್ದರೆ ಅವು ಆಮ್ಲಜನಕ ಇಲ್ಲದೆಯೇ ಸ್ವಲ್ಪ ಶಕ್ತಿ ತಯಾರಿಸುತ್ತವೆ. ಅದು ಸಾಲ. ಕೆಲಸ ನಿಂತ ಮೇಲೆ ಜೋರಾಗಿ ಉಸಿರಾಡಿ ಆ ಸಾಲ ತೀರಿಸಬೇಕು. ಸಣ್ಣ ಸಾಲ ಬೇಗ ತೀರುತ್ತದೆ, ದೊಡ್ಡ ಸಾಲಕ್ಕೆ ಹೆಚ್ಚು ಹೊತ್ತು ಬೇಕು. ಆದ್ದರಿಂದ ಭಾರದ ಕೆಲಸ ಮಾಡುವಾಗ ಮಧ್ಯೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುವುದು ಸೋಮಾರಿತನ ಅಲ್ಲ. ಕಂತಿನ ಪ್ರಕಾರ ಸಾಲ ಕಟ್ಟುವ ಜಾಣತನ.

ದಿನಾ ದುಡಿಯುವವರಿಗೆ ದಮ್ಮು ಕಡಿಮೆ ಹತ್ತುತ್ತದೆ. ಅವರ ಶ್ವಾಸಕೋಶ ದೊಡ್ಡದಾಗಿರುತ್ತದೆ ಎಂದಲ್ಲ. ಅವರ ಹೃದಯ ಒಂದೇ ಬಡಿತಕ್ಕೆ ಹೆಚ್ಚು ರಕ್ತ ದೂಡಲು ಕಲಿತಿರುತ್ತದೆ, ಸ್ನಾಯುಗಳು ಸಿಕ್ಕ ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿತಿರುತ್ತವೆ. ಹೊಲದ ಕೆಲಸ ಬಿಟ್ಟು ಹೊಲಿಗೆ ಯಂತ್ರ, ಅಂಗಡಿ ಎಂದು ಕೂತು ಮಾಡುವ ಉದ್ಯೋಗ ಹಿಡಿದ ಸದಸ್ಯೆಯರು ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ ಬಿರುಸಾಗಿ ನಡೆಯಬೇಕು. ಎಷ್ಟು ಬಿರುಸು? ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು. ಬೀಸುವಾಗ, ಬುಲಾಯಿ ಆಡುವಾಗ ಪದ ಹೇಳಲು ಬಂದರೆ ಉಸಿರು ಆರಾಮಾಗಿದೆ ಎಂದು ಅರ್ಥ. ಎರಡು ಮಾತು ಆಡಲೂ ಆಗದಿದ್ದರೆ ಕೆಲಸ ನಿಧಾನ ಮಾಡಬೇಕು.

ಯಾವುದು ಸಹಜ, ಯಾವುದು ಅಲ್ಲ?

ಸಹಜ ದಮ್ಮು: ಕೆಲಸಕ್ಕೆ ತಕ್ಕಷ್ಟು ಇರುತ್ತದೆ. ಕೂತು ವಿಶ್ರಾಂತಿ ತೆಗೆದುಕೊಂಡರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಹೋದ ವರ್ಷ ಇದೇ ಕೆಲಸಕ್ಕೆ ಎಷ್ಟಿತ್ತೋ ಈ ವರ್ಷವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಸಹಜ ಅಲ್ಲದ ದಮ್ಮು: ಹೋದ ವರ್ಷ ನಿಲ್ಲದೆ ನಡೆದ ದಾರಿಗೆ ಈಗ ಎರಡು ಸಲ ಕೂಡಬೇಕಾಗುತ್ತದೆ. ನಮ್ಮ ವಯಸ್ಸಿನವರ ಜೊತೆ ನಡೆಯಲು ಆಗುವುದಿಲ್ಲ. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡಬೇಕಾಗುತ್ತದೆ. ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು. ನಮ್ಮ ಹೆಣ್ಣುಮಕ್ಕಳಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ಇವು.

1. ರಕ್ತಹೀನತೆ: ಬಂಡಿಯ ಮಾತು ನೆನಪಿದೆಯಲ್ಲ? ಶ್ವಾಸಕೋಶ ಚೆನ್ನಾಗಿದೆ, ಗಾಳಿಯೂ ಇದೆ, ಆದರೆ ಹೊರುವ ಬಂಡಿಗಳೇ ಕಡಿಮೆ. ಆಗ ಎತ್ತು, ಅಂದರೆ ಹೃದಯ, ಅದೇ ಮಾಲಿಗೆ ಹೆಚ್ಚು ಸಲ ಓಡಬೇಕು. ಸ್ವಲ್ಪ ಕೆಲಸಕ್ಕೇ ಎದೆ ಬಡಿಯುತ್ತದೆ, ದಮ್ಮು ಹತ್ತುತ್ತದೆ. 2019-20ರ ಸಮೀಕ್ಷೆಯಲ್ಲಿ ಕರ್ನಾಟಕದ 15 ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು! ಹಿಮೋಗ್ಲೋಬಿನ್ 12 ಗ್ರಾಂಗಿಂತ, ಬಸುರಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇರಬಾರದು.

ಒಂದು ಎಚ್ಚರಿಕೆ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ರಕ್ತಹೀನತೆ ಇರಬಹುದು. ಆ ಯಂತ್ರ ಇರುವ ಬಂಡಿಗಳಲ್ಲಿ ನೂರಕ್ಕೆ ಎಷ್ಟು ತುಂಬಿವೆ ಎಂದು ಹೇಳುತ್ತದೆ, ಬಂಡಿಗಳೇ ಎಷ್ಟಿವೆ ಎಂದು ಹೇಳುವುದಿಲ್ಲ. ಅದಕ್ಕೆ ರಕ್ತ ಪರೀಕ್ಷೆಯೇ ಆಗಬೇಕು.

ಮೆಂತ್ಯೆ, ರಾಜಗಿರಿ ಪಲ್ಯ, ಸಜ್ಜೆ ರೊಟ್ಟಿ, ಹೆಸರು, ಕಡಲೆ, ಎಳ್ಳು, ಆಗುವವರಿಗೆ ಮಾಂಸ, ಮೊಟ್ಟೆ ತಿನ್ನಬೇಕು. ಎಳ್ಳ ಅಮಾವಾಸ್ಯೆಗೆ ಮಾಡುವ ಭಜ್ಜಿಯಲ್ಲಿ ಸೊಪ್ಪು, ಕಾಳು ಎಲ್ಲಾ ಇರುತ್ತದಲ್ಲ, ಅಂಥ ಊಟ ವರ್ಷಕ್ಕೆ ಒಂದು ದಿನ ಅಲ್ಲ, ವಾರಕ್ಕೆ ಒಂದೆರಡು ಸಲ ಇರಲಿ. ಊಟದ ಜೊತೆ ನಿಂಬೆಹಣ್ಣು, ಪೇರಲಹಣ್ಣು ಒಳ್ಳೆಯದು. ಊಟವಾದ ಕೂಡಲೇ ಚಹಾ ಬೇಡ, ಒಂದು ತಾಸು ಬಿಟ್ಟು ಕುಡಿಯಿರಿ. ಆದರೆ ರಕ್ತ ಬಹಳ ಕಡಿಮೆ ಇದ್ದರೆ ಊಟದಿಂದ ಮಾತ್ರ ಏರುವುದಿಲ್ಲ, ಕಬ್ಬಿಣದ ಮಾತ್ರೆ ಬೇಕೇ ಬೇಕು. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಬಿಡಬೇಡಿ. ಮುಟ್ಟಿನಲ್ಲಿ ರಕ್ತ ಬಹಳ ಹೋಗುತ್ತಿದ್ದರೆ ನಾಚಿಕೆ ಪಡದೆ ಡಾಕ್ಟರರಿಗೆ ಹೇಳಿ. ಕಾರಣ ಸರಿಯಾಗದೆ ರಕ್ತ ನಿಲ್ಲುವುದಿಲ್ಲ.

2. ಒಲೆಯ ಹೊಗೆ: ಬೀಡಿ ಸೇದದ ಹೆಣ್ಣುಮಕ್ಕಳಿಗೂ ಬೀಡಿ ಸೇದುವ ಗಂಡಸರಂತೆ ಶ್ವಾಸಕೋಶ ಕೆಡುವುದು ಇದರಿಂದ. ಕಟ್ಟಿಗೆ, ಕುಳ್ಳಿನ ಹೊಗೆ ವರ್ಷಾನುಗಟ್ಟಲೆ ಒಳಗೆ ಹೋದರೆ ನಾಳಗಳು ಊದಿ ಸಣ್ಣದಾಗುತ್ತವೆ, ಗಾಳಿಚೀಲಗಳು ಹರಿದು ಹೋಗುತ್ತವೆ. ಹರಿದ ಚೀಲ ಮತ್ತೆ ಸರಿಯಾಗುವುದಿಲ್ಲ. ಹೊಗೆಯಲ್ಲಿರುವ ಇಂಗಾಲದ ಮೊನಾಕ್ಸೈಡ್ ಎಂಬ ಅನಿಲ ಬಂಡಿಯಲ್ಲಿ ಆಮ್ಲಜನಕದ ಜಾಗ ಹಿಡಿದು ಕೂಡುತ್ತದೆ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಿಂದ ಬಹಳ ಮನೆಗೆ ಗ್ಯಾಸ್ ಬಂದಿದೆ. ಆದರೆ ಸಿಲಿಂಡರ್ ದುಬಾರಿ ಎಂದು ನೀರು ಕಾಯಿಸಲು, ರೊಟ್ಟಿಗೆ ಒಲೆಯನ್ನೇ ಹಚ್ಚುತ್ತೇವೆ. ಹಚ್ಚಲೇಬೇಕಾದರೆ ಹೊರಗೆ ಹಚ್ಚಿ, ಒಣ ಕಟ್ಟಿಗೆ ಬಳಸಿ, ಹೊಗೆ ಹೋಗಲು ದಾರಿ ಮಾಡಿ. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಒಲೆ ಮುಂದೆ ಕೂಡಬೇಡಿ. ರಾಶಿ ಮಷಿನ್ ಮುಂದೆ ಹೊಟ್ಟು, ಧೂಳು ಹಾರುವಾಗ ಮೂಗು-ಬಾಯಿಗೆ ಬಟ್ಟೆಯನ್ನು ಎರಡು ಮೂರು ಮಡಿಕೆ ಮಾಡಿ ಕಟ್ಟಿ, ಮಾಸ್ಕ್ ಸಿಕ್ಕರೆ ಇನ್ನೂ ಛಲೋ. ಗಾಳಿ ಬೀಸುವ ದಿಕ್ಕು ನೋಡಿ ಧೂಳು ನಿಮ್ಮ ಕಡೆ ಬಾರದಂತೆ ನಿಲ್ಲಿ.

3. ಉಬ್ಬಸ: ಉಸಿರು ಬಿಡುವಾಗ ಕುಂಯ್ ಕುಂಯ್ ಶಬ್ದ, ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು. ಇದಕ್ಕೆ ಕೊಡುವ ಪಂಪಿಗೆ (ಇನ್ಹೇಲರ್‌ಗೆ) ಜನ ಹೆದರುತ್ತಾರೆ, "ಒಮ್ಮೆ ಹಿಡಿದರೆ ಚಟ ಆಗ್ತದ" ಎನ್ನುತ್ತಾರೆ. ಇದು ತಪ್ಪು ತಿಳುವಳಿಕೆ. ಪಂಪಿನ ಔಷಧ ಬಹಳ ಕಡಿಮೆ ಪ್ರಮಾಣದ್ದು, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಚಟ ಆಗುವುದಿಲ್ಲ. ಡಾಕ್ಟರ್ ಹೇಳಿದಂತೆ ಬಿಡದೆ ತೆಗೆದುಕೊಳ್ಳಬೇಕು.

4. ಕ್ಷಯ (ಟಿಬಿ): ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ. ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿ ಮಾಡಿದ್ದಾರೆ. ಔಷಧ ಪೂರ್ತಿ ಮುಗಿಸಿದರೆ ಟಿಬಿ ವಾಸಿಯಾಗುತ್ತದೆ.

5. ಹೃದಯದ ತೊಂದರೆ: ದಮ್ಮಿನ ಜೊತೆ ಕಾಲು ಬಾವು, ಮಲಗಿದರೆ ಉಸಿರು ಕಟ್ಟುವುದು, ಎದೆ ನೋವು. ಬಿಪಿ, ಸಕ್ಕರೆ ಕಾಯಿಲೆ ಇರುವವರು ಹೆಚ್ಚು ಜಾಗ್ರತೆ ಇರಬೇಕು.

ಬಸುರಿಯರಿಗೆ ಸ್ವಲ್ಪ ದಮ್ಮು ಹತ್ತುವುದು ಸಾಮಾನ್ಯ. ಬೆಳೆಯುವ ಗರ್ಭ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಆದರೂ ರಕ್ತ ಪರೀಕ್ಷೆ ಮಾಡಿಸದೆ "ಬಸುರಿ ಇದ್ದಾಗ ಹಂಗೇ" ಎನ್ನಬೇಡಿ.

ದಮ್ಮು ಹತ್ತಿದಾಗ ಏನು ಮಾಡಬೇಕು?

- ಕೆಲಸ ನಿಲ್ಲಿಸಿ ಕೂಡಿ. ಸ್ವಲ್ಪ ಮುಂದೆ ಬಾಗಿ ಕೈಗಳನ್ನು ಮೊಣಕಾಲಿನ ಮೇಲೆ ಊರಿ.
- ಮೂಗಿನಿಂದ ಉಸಿರು ಎಳೆಯಿರಿ. ತುಟಿ ಸಣ್ಣಗೆ ಮಾಡಿ ನಿಧಾನವಾಗಿ ಬಿಡಿ. ಮುಂದೆ ಇಟ್ಟ ದೀಪ ಅಲುಗಾಡಬೇಕು, ಆರಬಾರದು, ಅಷ್ಟು ಮೆಲ್ಲಗೆ.
- ಎಳೆಯುವುದಕ್ಕಿಂತ ಬಿಡುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳಿ.
- ಸುತ್ತ ಜನ ಮುತ್ತಬೇಡಿ, ಗಾಳಿ ಆಡಲು ಬಿಡಿ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ.

ಕೂಡಲೇ 108ಕ್ಕೆ ಫೋನ್ ಮಾಡಿ: ಸುಮ್ಮನೆ ಕೂತಾಗಲೂ ದಮ್ಮು, ಒಂದು ವಾಕ್ಯ ಪೂರ್ತಿ ಹೇಳಲು ಆಗದಿರುವುದು, ತುಟಿ ನೀಲಿಯಾಗುವುದು, ಎದೆ ನೋವು, ಎಚ್ಚರ ತಪ್ಪುವುದು. ಆಕ್ಸಿಮೀಟರಿನಲ್ಲಿ 95ಕ್ಕಿಂತ ಕಡಿಮೆ ಬಂದರೂ ತಡ ಮಾಡದೆ ಆಸ್ಪತ್ರೆಗೆ ತೋರಿಸಿ. ದೊಡ್ಡ ತೊಂದರೆಗೆ ಬೀದರಿನ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ.

ಮಕ್ಕಳ ಉಸಿರು ಎಣಿಸಿ

ಸಣ್ಣ ಮಕ್ಕಳ ಉಸಿರು ದೊಡ್ಡವರಿಗಿಂತ ಬೇಗ ಇರುತ್ತದೆ. ಆದರೆ ಕೆಮ್ಮು-ನೆಗಡಿ ಇರುವ ಮಗುವಿನ ಉಸಿರು ಬಹಳ ಜೋರಾಗಿದ್ದರೆ ಅದು ನ್ಯುಮೋನಿಯಾ ಇರಬಹುದು. ಮಗು ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ, ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿ ಎಣಿಸಿ.

- 2 ತಿಂಗಳೊಳಗಿನ ಕೂಸು: 60 ಅಥವಾ ಹೆಚ್ಚು
- 2 ತಿಂಗಳಿಂದ 1 ವರ್ಷ: 50 ಅಥವಾ ಹೆಚ್ಚು
- 1 ರಿಂದ 5 ವರ್ಷ: 40 ಅಥವಾ ಹೆಚ್ಚು

ಇಷ್ಟಿದ್ದರೆ ಅಥವಾ ಉಸಿರು ಎಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಹೊಟ್ಟೆಗೆ ಬರೆ ಹಾಕುವುದು, ನಾಳೆ ನೋಡೋಣ ಎನ್ನುವುದು ಬೇಡ.

ಮುಂದಿನ ಸಭೆಯಲ್ಲಿ

ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಗಡಿಯಾರ ಇಟ್ಟು ಪ್ರತಿಯೊಬ್ಬರೂ ಸುಮ್ಮನೆ ಕೂತು ಒಂದು ನಿಮಿಷ ತಮ್ಮ ಉಸಿರು ಎಣಿಸಲಿ. ಆಮೇಲೆ ಎರಡು ನಿಮಿಷ ಬಿರುಸಾಗಿ ನಡೆದು ಬಂದು ಮತ್ತೆ ಎಣಿಸಲಿ. ಎಷ್ಟು ಏರಿತು, ಎಷ್ಟು ಹೊತ್ತಿಗೆ ಇಳಿಯಿತು ನೋಡಿ. ದಮ್ಮು ಇರುವವರು, ಎದೆನೋವು ಇರುವವರು ನಡೆಯುವುದು ಬೇಡ.

ನಂತರ ಈ ಪ್ರಶ್ನೆಗಳನ್ನು ಚರ್ಚಿಸಿ:

1. ನಮ್ಮ ಸಂಘದಲ್ಲಿ ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು ದಮ್ಮು ಹತ್ತುತ್ತಿರುವವರು ಯಾರಿದ್ದಾರೆ? ಅವರ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತಾರೆ?
2. ಕಳೆದ ಆರು ತಿಂಗಳಲ್ಲಿ ಎಷ್ಟು ಸದಸ್ಯೆಯರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದ್ದೀರಿ? ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು ಎಲ್ಲರಿಗೂ ಒಂದೇ ದಿನ ಮಾಡಿಸಬಹುದೇ?
3. ಎಷ್ಟು ಮನೆಗಳಲ್ಲಿ ಒಲೆ ಇನ್ನೂ ಒಳಗಿದೆ? ಒಲೆ ಹೊರಗೆ ಮಾಡಲು, ಸಿಲಿಂಡರ್ ತುಂಬಿಸಲು ಸಂಘದಿಂದ ಸಣ್ಣ ಸಾಲ ಕೊಡಬಹುದೇ?

ಹಣದ ಪಾಸ್‌ಬುಕ್ಕನ್ನು ನಾವು ತಿಂಗಳಿಗೊಮ್ಮೆ ನೋಡುತ್ತೇವೆ. ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ಕೇಳುತ್ತೇವೆ. ಉಸಿರಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಆದಾಗಲೂ ಹಾಗೆಯೇ ಕೇಳುವ ರೂಢಿ ಮಾಡಿಕೊಳ್ಳೋಣ. ಮುಂದಿನ ಸಲ ಯಾವ ಅಕ್ಕನಾದರೂ "ಸುಮ್ಮನೆ ದಮ್ಮು ಹತ್ತತದ" ಎಂದರೆ, "ಎಂದಿನಿಂದ? ರಕ್ತ ಪರೀಕ್ಷೆ ಆಗ್ಯಾದೇನು?" ಎಂದು ಸಂಘದವರೇ ಕೇಳಬೇಕು.